ಬೂಷ್ಟು ಹಿಡಿದ ಸಿಡಿಯಿಂದ ಅಸಲಿ ಫ್ಲ್ಯಾಕ್‌ವರೆಗೆ: ಹಾರ್ಡ್ ರಾಕ್ ಕಂಪೈಲೇಶನ್‌ಗಳನ್ನು ಕೂಡಿಡುವ ಕ್ರಮ

ಕಳೆದ ಆಟಿ ತಿಂಗಳ ಜಡಿಮಳೆಯಲ್ಲಿ ಉಡುಪಿಯ ಗೆಳೆಯರೊಬ್ಬರು ಮನೆಗೆ ಬಂದರು. ಸ್ಕೂಟರ್ ಸೀಟಿನ ಅಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪೆನ್‌ಡ್ರೈವ್ ತೆಗೆದುಕೊಟ್ಟರು. ಒಳಗೆ ಅರವತ್ತು ಚಿಲ್ಲರೆ ಹಾರ್ಡ್ ರಾಕ್ ಕಂಪೈಲೇಶನ್ (ಹಲವು ಕಡೆಯಿಂದ ಆರಿಸಿದ ಹಾಡುಗಳ ಸಂಗ್ರಹ) ಆಲ್ಬಮ್‌ಗಳು. "ಎಲ್ಲಾ ಲಾಸ್‌ಲೆಸ್ ಮಾರಾಯ್ರೆ, ಒಂದು ವರ್ಷದ ಕೆಲಸ" ಅಂದರು. ನಾನು ಹತ್ತು ಫೈಲ್ ತೆರೆದು ನೋಡಿದೆ. ಎಂಟು ಫೈಲ್ ಎಂಪಿ3ಯಿಂದ ತಿರುಗಿಸಿದ್ದು. ಹೆಸರಿನ ಬಾಲ ಮಾತ್ರ ಫ್ಲ್ಯಾಕ್. ಇದನ್ನು ಅವರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಾ ಇನ್ನೊಂದು ಲೋಟ ಕಾಫಿ ಮಾಡಿದೆ.

ಹೀಗೆ ಎಡವಿದವರನ್ನು ತುಂಬಾ ನೋಡಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಮೊದಲು ಸಿಡಿಯ ಹಾಡನ್ನು ಕಂಪ್ಯೂಟರಿಗೆ ಇಳಿಸುತ್ತಾರೆ, ಆಮೇಲೆ ಹೆಸರು ತಿದ್ದುತ್ತಾರೆ, ಚೆಂದದ ಕವರ್ ಚಿತ್ರ ಹಾಕುತ್ತಾರೆ. ಪರೀಕ್ಷೆ ಮಾತ್ರ ಯಾವತ್ತೋ ಒಂದು ದಿನಕ್ಕೆ ಉಳಿಯುತ್ತದೆ, ಆ ದಿನ ಬರುವುದೇ ಇಲ್ಲ. ಕೆಲಸದ ಕ್ರಮ ಬೇರೆ. ಡಿಸ್ಕ್ ಯಾವುದು ಅಂತ ಗುರುತಿಸಬೇಕು, ಅದನ್ನು ಶುಚಿ ಮಾಡಬೇಕು, ಡ್ರೈವ್ ಹೊಂದಿಸಬೇಕು, ಇಳಿಸುವಾಗಲೇ ತಾಳೆ ನೋಡಬೇಕು. ಹೆಸರು, ಚಿತ್ರ, ಅಲಂಕಾರ ಎಲ್ಲ ಆಮೇಲೆ.

ಲಾಸ್‌ಲೆಸ್ ಅಂದರೆ ಏನು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಸೀರೆ ಮಡಚಿ ಟ್ರಂಕಿಗೆ ಹಾಕಿದರೆ ಬಿಚ್ಚಿದಾಗ ಪೂರ್ತಿ ಸೀರೆ ಸಿಗುತ್ತದೆ. ಅದು ಫ್ಲ್ಯಾಕ್. ಜಾಗ ಸಾಲದು ಅಂತ ಸೆರಗು ಕತ್ತರಿಸಿ ಮಡಚಿದರೆ ಅದು ಎಂಪಿ3. ಕತ್ತರಿಸಿದ ಸೀರೆಯನ್ನು ದೊಡ್ಡ ಟ್ರಂಕಿಗೆ ಹಾಕಿದ ಮಾತ್ರಕ್ಕೆ ಸೆರಗು ವಾಪಸ್ ಬರುವುದಿಲ್ಲ ಅಲ್ವಾ? ಗೆಳೆಯರ ಪೆನ್‌ಡ್ರೈವಿನಲ್ಲಿ ಆಗಿದ್ದು ಅದೇ.

## ಬೇಕಾಗುವ ಸಾಮಾನು

ಒಂದು ಡಿವಿಡಿ ಡ್ರೈವ್. ಹಳೆಯ ಡೆಸ್ಕ್‌ಟಾಪ್‌ನ ಒಳಗಿನ ಡ್ರೈವ್ ಸಿಕ್ಕರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ತೆಳು ಡ್ರೈವ್ 1,500 ರಿಂದ 2,500 ರೂಪಾಯಿ ಒಳಗೆ ಸಿಗುತ್ತದೆ. ಸಾಧ್ಯವಾದರೆ ಎರಡು ಬೇರೆ ಕಂಪನಿಯ ಡ್ರೈವ್ ಇಟ್ಟುಕೊಳ್ಳಿ. ಒಂದು ಓದದ ಡಿಸ್ಕನ್ನು ಇನ್ನೊಂದು ಸರಾಗವಾಗಿ ಓದುವುದುಂಟು.

ಸಾಫ್ಟ್‌ವೇರ್‌ಗೆ ಖರ್ಚಿಲ್ಲ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಿ ವಿಪ್ಪರ್. ಸಿಡಿಯಿಂದ ಹಾಡು ಇಳಿಸುವ ಈ ಮೂರೂ ಉಚಿತ. ಜೊತೆಗೆ ತಾಳೆ ನೋಡಲು ಕ್ಯೂಟೂಲ್ಸ್, ಹೆಸರು ತಿದ್ದಲು ಎಂಪಿ3ಟ್ಯಾಗ್ ಅಥವಾ ಮ್ಯೂಸಿಕ್‌ಬ್ರೈನ್ಸ್ ಪಿಕಾರ್ಡ್, ಸದ್ದಿನ ಚಿತ್ರ ನೋಡಲು ಸ್ಪೆಕ್.

ಇನ್ನು ಕಂಪ್ಯೂಟರ್ ಅಂಗಡಿಯಲ್ಲಿ ಸಿಗದ ಸಾಮಾನು: ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆ ನಾಲ್ಕು, ಪಾತ್ರೆ ತೊಳೆಯುವ ಲಿಕ್ವಿಡ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಸಿಲಿಕಾ ಜೆಲ್ ಪೊಟ್ಟಣಗಳು, ಗಾಳಿ ಹೋಗದ ಹಾಗೆ ಮುಚ್ಚುವ ಡಬ್ಬಿ. ಕರಾವಳಿಯಲ್ಲಿ ಈ ಎರಡನೇ ಪಟ್ಟಿಯೇ ಮುಖ್ಯ.

## ಹಂತ 1: ಕೈಯಲ್ಲಿರುವುದು ಯಾವ ಡಿಸ್ಕ್ ಅಂತ ಗುರುತಿಸಿ

ಇದನ್ನು ಎಲ್ಲರೂ ಹಾರಿಸುತ್ತಾರೆ. ಮಾಮೂಲಿ ಆಲ್ಬಮ್ ಆದರೆ ಸ್ವಲ್ಪ ನಡೆಯುತ್ತದೆ. ಕಂಪೈಲೇಶನ್‌ನಲ್ಲಿ ನಡೆಯುವುದಿಲ್ಲ. ಹಾಡಿನ ಹೆಸರು ಒಂದೇ ಇದ್ದರೂ ಒಳಗಿರುವುದು ಅದೇ ರೆಕಾರ್ಡಿಂಗ್ ಆಗಿರಬೇಕು ಅಂತ ಇಲ್ಲ.

ಏರೋಸ್ಮಿತ್‌ನ 1980ರ ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ಕೆಲವು ಹಾಡುಗಳನ್ನು ಕತ್ತರಿಸಿ ಚಿಕ್ಕದು ಮಾಡಿದ್ದಾರೆ. ಕಿಸ್ ತಂಡದ 1978ರ ಡಬಲ್ ಪ್ಲಾಟಿನಮ್‌ನಲ್ಲಿ ಹಲವು ಹಾಡುಗಳ ಮಿಕ್ಸ್, ಅಂದರೆ ವಾದ್ಯ ಮತ್ತು ದನಿಗಳನ್ನು ಬೆರೆಸಿದ ರೀತಿ, ಬದಲಾಗಿದೆ, ಒಂದು ಹಾಡನ್ನಂತೂ ಹೊಸದಾಗಿಯೇ ಹಾಡಿ ನುಡಿಸಿದ್ದಾರೆ. ಝೀಝೀ ಟಾಪ್‌ನ ಹಳೆಯ ಆಲ್ಬಮ್‌ಗಳನ್ನು ಒಟ್ಟು ಮಾಡಿ 1987ರಲ್ಲಿ ಸಿಕ್ಸ್‌ಪ್ಯಾಕ್ ತಂದಾಗ ಡ್ರಮ್ಸ್‌ಗೆ ಆ ಕಾಲದ ಗುಂಯ್ ಅನ್ನುವ ಪ್ರತಿಧ್ವನಿ ಸೇರಿಸಿ ಮರು ಮಿಕ್ಸ್ ಮಾಡಿದ್ದರು. ಕ್ವೀನ್‌ನ 1981ರ ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ದೇಶ ಬದಲಾದ ಹಾಗೆ ಹಾಡಿನ ಪಟ್ಟಿಯೂ ಬದಲಾಗಿತ್ತು. ಲೆಡ್ ಝೆಪೆಲಿನ್‌ನ 1990ರ ರೀಮಾಸ್ಟರ್ಸ್ ಮತ್ತು 2007ರ ಮದರ್‌ಶಿಪ್ ಎರಡರಲ್ಲೂ ಬಹುಪಾಲು ಅವೇ ಹಾಡುಗಳು ಉಂಟು, ಆದರೆ ಮಾಸ್ಟರಿಂಗ್, ಅಂದರೆ ಅಚ್ಚಿಗೆ ಹೋಗುವ ಮೊದಲು ಸದ್ದನ್ನು ಕೊನೆಯದಾಗಿ ಹದ ಮಾಡಿದ ರೀತಿ, ಬೇರೆ ಬೇರೆ. ಯಾವುದು ಒಳ್ಳೆಯದು ಅಂತ ನಿಮ್ಮ ಕಿವಿ ಹೇಳಲಿ. ಇಟ್ಟುಕೊಂಡದ್ದು ಯಾವುದು ಅಂತ ಮಾತ್ರ ಗೊತ್ತಿರಬೇಕು.

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಡಿಸ್ಕಿಗೆ ನಾಲ್ಕು ವಿಷಯ ಬರೆಯಿರಿ. ಕೇಸಿನ ಬೆನ್ನಿನ ಮೇಲಿರುವ ಕ್ಯಾಟಲಾಗ್ ನಂಬರ್, ಹಿಂದಿನ ಬಾರ್‌ಕೋಡ್, ಯಾವ ದೇಶದಲ್ಲಿ ಅಚ್ಚಾದದ್ದು, ಮತ್ತೆ ಡಿಸ್ಕಿನ ಕೆಳಗಡೆ ನಡುವಿನ ತೂತಿನ ಸುತ್ತ ಇರುವ ಕನ್ನಡಿಯಂಥ ಉಂಗುರದ ಮೇಲಿನ ಅಕ್ಷರಗಳು. ಇವನ್ನು ಓದಲು ಡಿಸ್ಕನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿಯಬೇಕು. ಡಿಸ್ಕಾಗ್ಸ್ ತಾಣದಲ್ಲಿ ಈ ನಂಬರ್ ಹಾಕಿದರೆ ಯಾವ ಮುದ್ರಣ ಅಂತ ಗೊತ್ತಾಗುತ್ತದೆ.

ನಮ್ಮ ಕಡೆ ಸಿಡಿಗಳ ದೊಡ್ಡ ಗಣಿ ಅಂದರೆ ಗಲ್ಫಿಗೆ ಹೋಗಿ ಬಂದವರ ಮನೆ. ಮಂಗಳೂರಿನ ಬೆಂದೂರು, ಬಿಜೈ, ಫಳ್ನೀರ್ ಕಡೆಯ ಹಳೆಯ ಮನೆಗಳ ಷೋಕೇಸಿನಲ್ಲಿ, ಮಸ್ಕತ್‌ನಿಂದಲೋ ದುಬೈಯಿಂದಲೋ ಯಾವುದೋ ಮಾಮ ತಂದ ಡಿಸ್ಕುಗಳು ಈಗಲೂ ಉಂಟು. ಕೇಳಿದರೆ ಖುಷಿಯಿಂದ ಕೊಡುತ್ತಾರೆ, ಮನೆ ಖಾಲಿ ಆಗುತ್ತದಲ್ಲ. ಗುಜರಿ ಅಂಗಡಿಯಲ್ಲೂ ಒಮ್ಮೊಮ್ಮೆ ಸಿಗುತ್ತದೆ.

ಇಲ್ಲಿ ಕಾಣುವ ಅಪಾಯದ ಗುರುತುಗಳು ಇವು. ಡಿಸ್ಕಿನ ಕೆಳಭಾಗ ಹಸಿರು, ನೀಲಿ ಅಥವಾ ನೇರಳೆ ಬಣ್ಣಕ್ಕೆ ಹೊಡೆಯುತ್ತಿದ್ದರೆ ಅದು ಯಾರೋ ಮನೆಯಲ್ಲಿ ಬರೆದ ಡಿಸ್ಕ್. ಎಂಪಿ3ಯಿಂದಲೇ ಬರೆದಿರುವ ಸಾಧ್ಯತೆ ಜಾಸ್ತಿ. ಅಚ್ಚು ಹೊಡೆದ ಡಿಸ್ಕ್ ಬೆಳ್ಳಿ ಬಣ್ಣ ಇರುತ್ತದೆ. 1994ರಿಂದ ಈಚೆಗೆ ಅಚ್ಚಾದ ಡಿಸ್ಕುಗಳ ಒಳ ಉಂಗುರದಲ್ಲಿ ಸಾಮಾನ್ಯವಾಗಿ ಐಎಫ್‌ಪಿಐ ಅನ್ನುವ ಸಣ್ಣ ಕೋಡ್ ಇರುತ್ತದೆ. ಡಿಸ್ಕ್ ಹೊಸದು, ಕೋಡ್ ಇಲ್ಲ, ಕವರಿನ ಮುದ್ರಣ ಫೋಟೋಕಾಪಿಯ ಹಾಗೆ ಮಸುಕು ಅಂತಾದರೆ ಬಿಡಿ. "ಹಲವು ತಂಡಗಳ 20 ಹಿಟ್ಸ್" ಥರದ ಅಗ್ಗದ ಡಿಸ್ಕ್ ಆದರೆ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. "ಮರು ರೆಕಾರ್ಡ್ ಮಾಡಿದ್ದು" ಅನ್ನುವ ಮಾತು ಅಲ್ಲೆಲ್ಲೋ ಮೂಲೆಯಲ್ಲಿ ಅಡಗಿರುತ್ತದೆ. ಹಾಡಿದ್ದು ಅದೇ ಗಾಯಕ ಇರಬಹುದು, ಆದರೆ ಇಪ್ಪತ್ತು ವರ್ಷ ಕಳೆದ ಮೇಲೆ.

ಅಪ್ಪನ ಕಾಲದ ಕ್ಯಾಸೆಟ್‌ಗಳನ್ನು ಫ್ಲ್ಯಾಕ್ ಮಾಡಬಹುದಾ ಅಂತ ಕೇಳುವವರು ಇದ್ದಾರೆ. ಮಾಡಬಹುದು. ಕ್ಯಾಸೆಟ್ಟಿನ ಸುಯ್ ಸದ್ದು ಕೂಡ ಲಾಸ್‌ಲೆಸ್ ಆಗಿ ಉಳಿಯುತ್ತದೆ, ಅಷ್ಟೇ.

ಡೌನ್‌ಲೋಡ್ ಕೊಳ್ಳುವುದಾದರೆ, ಹಣ ಕೊಟ್ಟ ಮೇಲೆ ಫೈಲ್ ನಿಮ್ಮ ಡಿಸ್ಕಿಗೆ ಬರುತ್ತದಾ ಅಂತ ಮೊದಲು ನೋಡಿ. ಆಪಲ್ ಮ್ಯೂಸಿಕ್‌ನಲ್ಲಿ 2021ರಿಂದ ಲಾಸ್‌ಲೆಸ್ ಉಂಟು, ಕೇಳಲು ಚೆನ್ನಾಗಿದೆ. ಆದರೆ ಅದು ಬಾಡಿಗೆ ಮನೆ. ಚಂದಾ ನಿಂತ ದಿನ ಹಾಡೂ ನಿಲ್ಲುತ್ತದೆ. ಇನ್ನು ಯಾರೋ ಎಲ್ಲೋ ಹಾಕಿದ ಫೈಲುಗಳ ವಿಷಯ ಇಲ್ಲಿ ಬೇಡ. ನಿಮ್ಮದೇ ಡಿಸ್ಕ್, ನಿಮ್ಮದೇ ಕಿವಿ, ಈ ಬರಹ ಅಷ್ಟಕ್ಕೇ.

## ಹಂತ 2: ಒರೆಸಿ, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ

ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಸಿಡಿಗೆ ಬರದೇ ಇರುತ್ತದಾ? ನನ್ನ ಮಾಮ ಮಸ್ಕತ್‌ನಿಂದ ತಂದಿದ್ದ ಡೀಪ್ ಪರ್ಪಲ್ ಕಂಪೈಲೇಶನ್ ಒಂದನ್ನು ಹತ್ತು ವರ್ಷದ ನಂತರ ತೆರೆದಾಗ ಕೆಳಭಾಗದಲ್ಲಿ ಅಕ್ಕಿ ಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಚುಕ್ಕಿಗಳಿದ್ದವು. ಒಳಗಿನ ಪುಸ್ತಿಕೆ ತೇವ ಕುಡಿದು ಉಬ್ಬಿ, ಅದರ ಒಂದು ಮೂಲೆ ಡಿಸ್ಕಿನ ಮೇಲ್ಭಾಗಕ್ಕೆ ಅಂಟಿಕೊಂಡಿತ್ತು. ಇಂಥದ್ದನ್ನು ಎಳೆಯಬೇಡಿ. ಎಳೆದರೆ ಕಾಗದದ ಜೊತೆ ಡಿಸ್ಕಿನ ಬೆಳ್ಳಿ ಪದರವೂ ಎದ್ದು ಬರುತ್ತದೆ. ನಾನು ಅಂಟಿದ ಕಡೆ ಡಿಸ್ಟಿಲ್ಡ್ ವಾಟರ್ ಹನಿಸಿ, ಅರ್ಧ ಗಂಟೆ ಬಿಟ್ಟು, ಮೆಲ್ಲ ಜಾರಿಸಿ ತೆಗೆದೆ. ಪುಸ್ತಿಕೆಯ ಮೂಲೆ ಹೋಯಿತು, ಡಿಸ್ಕ್ ಉಳಿಯಿತು.

ಜನ ಕೆಳಭಾಗದ ಗೀರಿಗೆ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಮೇಲ್ಭಾಗಕ್ಕೆ. ಹಾಡಿನ ಮಾಹಿತಿ ಇರುವ ಲೋಹದ ಪದರ ಹೆಸರು ಮುದ್ರಿಸಿದ ಕಡೆಗೆ, ತೆಳು ಲ್ಯಾಕರ್‌ನ ಅಡಿಯಲ್ಲೇ ಇರುತ್ತದೆ. ಕೆಳಗಡೆ ದಪ್ಪ ಪ್ಲಾಸ್ಟಿಕ್ ಉಂಟು, ಅದು ಸ್ವಲ್ಪ ಗೀರು ತಡೆಯುತ್ತದೆ.

ಒರೆಸುವ ರೀತಿ: ಮೊದಲು ಧೂಳನ್ನು ಊದಿ ಕಳೆಯಿರಿ. ನೀರಿನಲ್ಲಿ ಒಂದು ಹನಿ ಲಿಕ್ವಿಡ್ ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಿರಿ. ಚಕ್ರ ತಿರುಗಿಸಿದ ಹಾಗೆ ಸುತ್ತ ಒರೆಸಬೇಡಿ. ಅಡ್ಡ ಬಿದ್ದ ಗೀರನ್ನು ಡ್ರೈವ್ ದಾಟಿ ಓದಿಕೊಳ್ಳುತ್ತದೆ, ಟ್ರ್ಯಾಕಿನ ಉದ್ದಕ್ಕೇ ಬಿದ್ದ ಗೀರನ್ನು ದಾಟಲು ಅದಕ್ಕೆ ಕಷ್ಟ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಫ್ಯಾನ್ ಕೆಳಗೆ ನಿಲ್ಲಿಸಿ ಒಣಗಿಸಿ. ಬಿಸಿಲಿಗೆ ಬೇಡ. ಟೂತ್‌ಪೇಸ್ಟ್ ಹಚ್ಚುವ ಉಪಾಯ ಯಾರಾದರೂ ಹೇಳಿದರೆ ಹೂಂ ಅಂತ ತಲೆ ಆಡಿಸಿ ಬಿಟ್ಟುಬಿಡಿ. ಬೂಷ್ಟು ಒರೆಸಿದ ಬಟ್ಟೆಯನ್ನು ಇನ್ನೊಂದು ಡಿಸ್ಕಿಗೆ ಹಾಕಬೇಡಿ.

ಒಣಗಿದ ಮೇಲೆ ಬಲ್ಬಿನ ಎದುರು ಹಿಡಿದು ಹೆಸರಿನ ಕಡೆಯಿಂದ ನೋಡಿ. ಸೂಜಿ ಚುಚ್ಚಿದಂಥ ಬೆಳಕಿನ ಚುಕ್ಕಿಗಳು ಕಂಡರೆ ಲೋಹದ ಪದರ ಹೋಗಿದೆ. ಒಂದೆರಡು ಚುಕ್ಕಿ ಇದ್ದರೂ ಓದಬಹುದು. ನಕ್ಷತ್ರ ತುಂಬಿದ ಆಕಾಶದ ಹಾಗಿದ್ದರೆ ಬೇರೆ ಡಿಸ್ಕ್ ಹುಡುಕಿ. ಅಂಚಿನಿಂದ ಕಂಚಿನ ಬಣ್ಣ ಹಬ್ಬಿದ್ದರೆ ಒಳ ಉಂಗುರ ಓದಿ. 1988ರಿಂದ 1993ರ ಸುಮಾರಿಗೆ ಬ್ರಿಟನ್ನಿನ ಪಿಡಿಓ ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕುಗಳಲ್ಲಿ ಹಲವಕ್ಕೆ ಈ ಕಾಯಿಲೆ ಉಂಟು. ಇದು ನಿಲ್ಲುವುದಿಲ್ಲ, ಹಬ್ಬುತ್ತಾ ಹೋಗುತ್ತದೆ. ಅಂಥ ಡಿಸ್ಕನ್ನು ಸಾಲಿನಲ್ಲಿ ಮುಂದೆ ತಂದು ಇವತ್ತೇ ಇಳಿಸಿ.

ಇನ್ನೊಂದು ನಮ್ಮೂರಿನ ತೊಂದರೆ. ಎಸಿ ಕೋಣೆಯಲ್ಲಿದ್ದ ಡ್ರೈವನ್ನೋ ಡಿಸ್ಕನ್ನೋ ಹೊರಗಿನ ಸೆಕೆಗೆ ತಂದ ಕೂಡಲೇ ಕನ್ನಡಕದ ಗಾಜು ಮಂಜಾಗುವ ಹಾಗೆ ಡ್ರೈವಿನ ಲೆನ್ಸೂ ಮಂಜಾಗುತ್ತದೆ. ಒಂದು ಗಂಟೆ ಬಿಟ್ಟು ಶುರು ಮಾಡಿ. "ನಿನ್ನೆ ಓದಿದ ಡಿಸ್ಕ್ ಇವತ್ತು ಓದುತ್ತಿಲ್ಲ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

## ಹಂತ 3: ಡ್ರೈವ್ ಹೊಂದಿಸುವುದು

ಎಕ್ಸಾಕ್ಟ್ ಆಡಿಯೋ ಕಾಪಿಯನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ಒಂದು ಡ್ರೈವಿಗೆ ಒಂದು ಸಲ ಮಾಡಿದರೆ ಮುಗಿಯಿತು.

ಡ್ರೈವ್ ಆಪ್ಷನ್ಸ್‌ಗೆ ಹೋಗಿ ಸೆಕ್ಯೂರ್ ಮೋಡ್ ಆರಿಸಿ. ಬರ್ಸ್ಟ್ ಮೋಡ್ ಬೇಡ, ಅದು ಒಂದೇ ಸಲ ಓದಿ ಓಡುತ್ತದೆ. ಸೆಕ್ಯೂರ್‌ನ ಕೆಳಗೆ ಮೂರು ಚೌಕ ಇರುತ್ತವೆ. ಆಕ್ಯುರೇಟ್ ಸ್ಟ್ರೀಮ್‌ಗೆ ಟಿಕ್ ಹಾಕಿ. ಡ್ರೈವ್ ಕ್ಯಾಶ್ ಮಾಡುತ್ತದೆ ಅನ್ನುವುದಕ್ಕೂ ಹಾಕಿ. ಸಿ2 ಅನ್ನುವುದನ್ನು ಖಾಲಿ ಬಿಡಿ. ಡ್ರೈವ್ ತನ್ನ ತಪ್ಪನ್ನು ತಾನೇ ವರದಿ ಮಾಡುವ ವ್ಯವಸ್ಥೆ ಅದು, ಎಲ್ಲ ಡ್ರೈವ್‌ಗಳೂ ಅಷ್ಟು ಪ್ರಾಮಾಣಿಕ ಅಲ್ಲ.

ಕ್ಯಾಶ್ ಚೌಕ ಯಾಕೆ? ಪಕ್ಕದಲ್ಲಿ ಕೂತವನಿಗೆ "ಗಡಿಯಾರ ನೋಡಿ ಟೈಮ್ ಹೇಳು" ಅಂತ ಎರಡು ಸಲ ಕೇಳಿದರೆ, ಎರಡನೇ ಸಲ ಅವನು ತಲೆ ಎತ್ತದೆ ಮೊದಲಿನದ್ದನ್ನೇ ಹೇಳಬಹುದು. ಡ್ರೈವ್ ಕೂಡ ಹಾಗೆ. ಮತ್ತೆ ಓದು ಅಂದರೆ ಡಿಸ್ಕ್ ನೋಡದೆ ನೆನಪಿನಲ್ಲಿದ್ದದ್ದನ್ನೇ ಕೊಡುತ್ತದೆ. ಆ ಟಿಕ್ ಇದ್ದರೆ ಪ್ರೋಗ್ರಾಮ್ ಅದರ ನೆನಪು ಖಾಲಿ ಮಾಡಿಸಿ ಕೇಳುತ್ತದೆ.

ಆಮೇಲೆ ಆಫ್‌ಸೆಟ್. ಪ್ರತಿ ಮಾದರಿಯ ಡ್ರೈವ್ ಕೆಲವು ಸ್ಯಾಂಪಲ್ (ಸದ್ದಿನ ತೀರಾ ಸಣ್ಣ ತುಣುಕು) ಮುಂಚೆ ಅಥವಾ ತಡವಾಗಿ ಓದಲು ಶುರು ಮಾಡುತ್ತದೆ. ಒಂದು ಸೆಕೆಂಡಿಗೆ 44,100 ಸ್ಯಾಂಪಲ್, ಹಾಗಾಗಿ ಕಿವಿಗೆ ಇದು ಗೊತ್ತಾಗುವುದಿಲ್ಲ. ಆದರೆ ಆಕ್ಯುರೇಟ್‌ರಿಪ್ ಡೇಟಾಬೇಸಿನಲ್ಲಿ ಬೇರೆಯವರ ಫಲಿತಾಂಶದ ಜೊತೆ ತಾಳೆ ನೋಡಬೇಕಾದರೆ ಇದು ಸರಿ ಇರಲೇಬೇಕು. ಜಗತ್ತಿನಲ್ಲೆಲ್ಲ ಮಾರಾಟವಾದ ಯಾವುದಾದರೂ ಆಲ್ಬಮ್‌ನ ಸಿಡಿ ಹಾಕಿದರೆ ಪ್ರೋಗ್ರಾಮ್ ತಾನೇ ಕಂಡುಹಿಡಿಯುತ್ತದೆ. ಇಲ್ಲವಾದರೆ ಆಕ್ಯುರೇಟ್‌ರಿಪ್‌ನ ಡ್ರೈವ್ ಪಟ್ಟಿಯಲ್ಲಿ ನಿಮ್ಮ ಮಾದರಿ ಹುಡುಕಿ. +6 ಅನ್ನುವ ಅಂಕಿ ಬಹಳ ಡ್ರೈವ್‌ಗಳಿಗೆ ಕಾಣಿಸುತ್ತದೆ, ಹಾಗಂತ ಊಹೆಯಿಂದ ಹಾಕಬೇಡಿ.

ಉಳಿದದ್ದು ಬೇಗ ಮುಗಿಯುತ್ತದೆ. ನಾರ್ಮಲೈಸ್, ಅಂದರೆ ಹಾಡಿನ ಸದ್ದಿನ ಮಟ್ಟವನ್ನೇ ಬದಲಿಸುವುದು, ಬೇಡ. ಹಾಡಿನ ಮೊದಲು ಕೊನೆಯ ಮೌನ ಅಳಿಸುವ ಆಯ್ಕೆ ಬೇಡ. ಹಾಡುಗಳ ನಡುವಿನ ಗ್ಯಾಪನ್ನು ಹಿಂದಿನ ಹಾಡಿಗೆ ಸೇರಿಸಿ. ಫ್ಲ್ಯಾಕ್ ಮಟ್ಟ 0ಯಿಂದ 8ರವರೆಗೆ ಇರುತ್ತದೆ. ಎಲ್ಲದರಲ್ಲೂ ಸದ್ದು ಒಂದೇ, ಬದಲಾಗುವುದು ಫೈಲಿನ ಗಾತ್ರ ಮತ್ತು ತೆಗೆದುಕೊಳ್ಳುವ ಸಮಯ. 8 ಇಡಿ, ಜೊತೆಗೆ ವೆರಿಫೈ ಆನ್ ಮಾಡಿ. ಕೊನೆಗೆ, ಪ್ರತಿ ಸಲ ಲಾಗ್ ಫೈಲ್ (ಇಳಿಸಿದ್ದು ಹೇಗಾಯಿತು ಅನ್ನುವ ವರದಿ) ತಾನಾಗಿ ಉಳಿಯುವ ಹಾಗೆ ಟಿಕ್ ಹಾಕಿ. ಇದನ್ನು ಮರೆತವರೇ ಆಮೇಲೆ ನನ್ನ ಹತ್ತಿರ "ಇದು ಅಸಲಿಯಾ ನೋಡಿ ಹೇಳಿ" ಅಂತ ಬರುವುದು.

## ಹಂತ 4: ಇಳಿಸಿ, ಲಾಗ್ ಓದಿ

ಡಿಸ್ಕ್ ಹಾಕಿ, ಗ್ಯಾಪ್ ಪತ್ತೆ ಮಾಡಿಸಿ, ಕ್ಯೂ ಶೀಟ್ (ಯಾವ ಹಾಡು ಎಲ್ಲಿ ಶುರು ಅನ್ನುವ ಪಟ್ಟಿ) ಉಳಿಸಿ. ಆಮೇಲೆ ಟೆಸ್ಟ್ ಅಂಡ್ ಕಾಪಿ ಒತ್ತಿ. ಬರೀ ಕಾಪಿ ಅಲ್ಲ. ಟೆಸ್ಟ್ ಅಂಡ್ ಕಾಪಿ ಪ್ರತಿ ಹಾಡನ್ನು ಎರಡು ಸಲ ಪೂರ್ತಿ ಓದಿ ಎರಡೂ ಒಂದೇನಾ ಅಂತ ನೋಡುತ್ತದೆ. ಒಳ್ಳೆಯ ಡಿಸ್ಕಿಗೆ ಸುಮಾರು 15 ರಿಂದ 25 ನಿಮಿಷ ಸಾಕು. ಹಾಳಾದ ಡಿಸ್ಕ್ ಆದರೆ ರಾತ್ರಿ ಊಟ ಮುಗಿಸಿ ಬಂದರೂ ಅದೇ ಹಾಡಿನಲ್ಲಿ ಇರುತ್ತದೆ. ಲ್ಯಾಪ್‌ಟಾಪ್ ಆದರೆ ಕರೆಂಟು ಹೋದರೂ ಚಿಂತೆ ಇಲ್ಲ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಮೇ ತಿಂಗಳ ಸಂಜೆ ಶುರು ಮಾಡಬೇಡಿ.

ಮುಗಿದ ಮೇಲೆ ಲಾಗ್ ತೆರೆಯಿರಿ. ಪ್ರತಿ ಹಾಡಿಗೆ ಮೂರು ಸಾಲು ನೋಡಿದರೆ ಸಾಕು. ಟೆಸ್ಟ್ ಸಿಆರ್‌ಸಿ ಮತ್ತು ಕಾಪಿ ಸಿಆರ್‌ಸಿ ಅಂತ ಎಂಟೆಂಟು ಅಕ್ಷರಗಳ ಎರಡು ಗುಂಪು ಇರುತ್ತದೆ, ಓದಿದ ಸದ್ದಿನಿಂದ ಲೆಕ್ಕ ಹಾಕಿದ ಗುರುತು ಅದು, ಎರಡೂ ಹೊಂದಬೇಕು. ಕೆಳಗೆ ಆಕ್ಯುರೇಟ್‌ರಿಪ್ ಸಾಲಿನಲ್ಲಿ ಕಾನ್ಫಿಡೆನ್ಸ್ ಅಂತ ಒಂದು ಅಂಕಿ. ಅದು 14 ಅಂತಿದ್ದರೆ ನಿಮ್ಮ ಹಾಗೇ ಓದಿದವರು ಇನ್ನೂ 14 ಮಂದಿ ಇದ್ದಾರೆ ಅಂತ ಅರ್ಥ. ಟ್ರ್ಯಾಕ್ ಕ್ವಾಲಿಟಿ 99.8 ಅಂತ ಬಂದರೆ ಗಾಬರಿ ಬೇಡ. ಕೆಲವು ಜಾಗ ಮತ್ತೆ ಮತ್ತೆ ಓದಬೇಕಾಯಿತು ಅಂತ ಅಷ್ಟೇ, ಸಿಆರ್‌ಸಿ ಹೊಂದಿದ್ದರೆ ಆಯಿತು. ಆದರೆ "ಸಸ್ಪಿಶಿಯಸ್ ಪೊಸಿಷನ್" ಅಥವಾ "ಟೈಮಿಂಗ್ ಪ್ರಾಬ್ಲಮ್" ಅಂತ ಒಂದು ಸಾಲು ಕಂಡರೂ ಆ ಹಾಡು ಮತ್ತೆ ಮಾಡಬೇಕು.

ಎರಡು ಸಿಆರ್‌ಸಿ ಹೊಂದಿದ ಮಾತ್ರಕ್ಕೆ ಪೂರ್ತಿ ನಂಬಬೇಡಿ. ಒಂದೇ ಡ್ರೈವ್ ಒಂದೇ ಗೀರಿನ ಮೇಲೆ ಎರಡು ಸಲವೂ ಒಂದೇ ಥರ ತಪ್ಪಬಹುದು. ಮಾಮನ ಆ ಡಿಸ್ಕಿನಲ್ಲಿ ಹೀಗೇ ಆಯಿತು. ಹನ್ನೆರಡು ಹಾಡಿನಲ್ಲಿ ಹನ್ನೊಂದು ಆಕ್ಯುರೇಟ್‌ರಿಪ್‌ಗೆ ಹೊಂದಿದವು. ಏಳನೆಯದಕ್ಕೆ ಎರಡು ಸಿಆರ್‌ಸಿಯೂ ಒಂದೇ, ಆದರೆ ಡೇಟಾಬೇಸ್ ಒಪ್ಪಲಿಲ್ಲ. ಹೆಡ್‌ಫೋನ್ ಹಾಕಿ ಮೂರು ಸಲ ಕೇಳಿದೆ, ಏನೂ ಗೊತ್ತಾಗಲಿಲ್ಲ. ಡಿಸ್ಕ್ ತೆಗೆದು ನೋಡಿದರೆ ಅಂಚಿಗೂ ನಡುವಿಗೂ ಮಧ್ಯೆ ಬೂಷ್ಟಿನ ಕಲೆ ಒಂದು ಉಳಿದಿತ್ತು, ಸಾಸಿವೆ ಕಾಳಿನಷ್ಟು. ಒರೆಸಿ ಇನ್ನೊಂದು ಡ್ರೈವಿಗೆ ಹಾಕಿದ ಮೇಲೆ ಹೊಂದಿತು.

ಹೊಂದದಿದ್ದಾಗ ಮಾಡಬೇಕಾದ ಕ್ರಮವೂ ಇದೇ. ಮೊದಲು ಮತ್ತೆ ಒರೆಸಿ. ಆಮೇಲೆ ವೇಗ ಕಡಿಮೆ ಮಾಡಿ ನೋಡಿ. ಆಮೇಲೆ ಬೇರೆ ಡ್ರೈವ್. ಕೊನೆಗೆ ಕ್ಯೂಟೂಲ್ಸ್. ಅದರ ಡೇಟಾಬೇಸಿನಲ್ಲಿ ನಿಮ್ಮ ಡಿಸ್ಕಿನ ದಾಖಲೆ ಇದ್ದರೆ ಸಣ್ಣ ಪುಟ್ಟ ತಪ್ಪುಗಳನ್ನು ಅದೇ ಸರಿ ಮಾಡಿಕೊಡುತ್ತದೆ. ಡ್ರೈವ್ ಒಳಗೆ ಕಟಕಟ ಅಂತ ಸದ್ದು ಬಂದು ಡ್ರೈವ್ ಮತ್ತೆ ಮತ್ತೆ ನಿಂತು ಶುರುವಾದರೆ ಡಿಸ್ಕನ್ನೇ ಬೈಯಬೇಡಿ. ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದ್ದೀರಾ ನೋಡಿ, ನೇರ ಕಂಪ್ಯೂಟರಿಗೆ ಸಿಕ್ಕಿಸಿ. ಕರೆಂಟು ಸಾಲದೆ ಹೀಗಾಗುವುದು ಮಾಮೂಲು.

ಭಾರತದಲ್ಲಿ ಅಚ್ಚಾದ ಕೆಲವು ಡಿಸ್ಕುಗಳು ಆಕ್ಯುರೇಟ್‌ರಿಪ್‌ನಲ್ಲಿ ಇರುವುದೇ ಇಲ್ಲ. "ಡೇಟಾಬೇಸಿನಲ್ಲಿ ಇಲ್ಲ" ಅಂದರೆ ನೀವು ತಪ್ಪು ಮಾಡಿದಿರಿ ಅಂತಲ್ಲ. ಅಂಥ ಸಮಯದಲ್ಲಿ ಎರಡು ಬೇರೆ ಡ್ರೈವಿನಲ್ಲಿ ಇಳಿಸಿ ಸಿಆರ್‌ಸಿ ಹೊಂದಿಸಿ ನೋಡುವುದೇ ದಾರಿ.

80ರ ದಶಕದ ಕೆಲವು ಡಿಸ್ಕುಗಳಲ್ಲಿ, ಮುಖ್ಯವಾಗಿ ಜಪಾನಿನ ಹಳೆಯ ಮುದ್ರಣಗಳಲ್ಲಿ, ಪ್ರಿ-ಎಂಫಸಿಸ್ ಅಂತ ಒಂದು ಇರುತ್ತದೆ, ಅಂದರೆ ಕೀಚಲು ಸದ್ದನ್ನು ಬೇಕೆಂದೇ ಏರಿಸಿ ಅಚ್ಚು ಹೊಡೆದದ್ದು, ಕೇಳುವಾಗ ಪ್ಲೇಯರ್ ಅದನ್ನು ತಗ್ಗಿಸಬೇಕು. ಹಾಡು ತೀರಾ ಚುರುಚುರು, ತಾಳದ ಸದ್ದು ಕಿವಿಗೆ ಚುಚ್ಚುವ ಹಾಗೆ ಕೇಳಿದರೆ ಕ್ಯೂ ಶೀಟಿನಲ್ಲಿ ಆ ಗುರುತು ಇದೆಯಾ ನೋಡಿ. ಇದ್ದರೆ ಮೂಲ ಫೈಲನ್ನು ಹಾಗೇ ಇಟ್ಟು, ಕೇಳಲು ಬೇರೆ ಪ್ರತಿ ಸರಿ ಮಾಡಿಕೊಳ್ಳಿ.

## ಹಂತ 5: ಬೇರೆಯವರಿಂದ ಬಂದ ಫೈಲಿನ ಪರೀಕ್ಷೆ

ನೀವೇ ಇಳಿಸಿ, ಲಾಗ್ ಸರಿ ಇದ್ದರೆ ಈ ಹಂತ ಬೇಡ. ಕೊಂಡ ಡೌನ್‌ಲೋಡಿಗೆ ಮತ್ತು ಮನೆಯಲ್ಲಿ ಮೊದಲೇ ಇರುವ ಹಳೆಯ ಫೈಲುಗಳಿಗೆ ಬೇಕು.

ಫೈಲನ್ನು ಸ್ಪೆಕ್‌ಗೆ ಹಾಕಿ. ಕೆಳಗೆ ದಪ್ಪ ಸದ್ದು, ಮೇಲೆ ಕೀಚಲು ಸದ್ದು ಬಣ್ಣದಲ್ಲಿ ಕಾಣುತ್ತದೆ. ಸಿಡಿಯ ಸದ್ದು ಸುಮಾರು 22 ಕಿಲೋಹರ್ಟ್ಸ್‌ವರೆಗೆ ಹೋಗಬಹುದು. 128 ಕೆಬಿಪಿಎಸ್ ಎಂಪಿ3 ಆದರೆ 16ರ ಹತ್ತಿರ ಬಣ್ಣ ಕತ್ತರಿಸಿದ ಹಾಗೆ ನಿಂತಿರುತ್ತದೆ, 320 ಆದರೆ 20ರ ಹತ್ತಿರ. ಗೆಳೆಯರ ಪೆನ್‌ಡ್ರೈವಿನ ಎಂಟೂ ಫೈಲುಗಳಲ್ಲಿ 16ರ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿತ್ತು.

ಆದರೆ ಇಲ್ಲಿ ಅವಸರ ಬೇಡ. 70ರ ದಶಕದ ಟೇಪ್ ರೆಕಾರ್ಡಿಂಗ್‌ಗಳಲ್ಲಿ ಮೇಲಿನ ಸದ್ದು ಸಹಜವಾಗಿಯೇ ಕಡಿಮೆ. ಅದು ಮೆಲ್ಲ ಮೆಲ್ಲ ಮಸುಕಾಗುತ್ತಾ ಹೋಗುತ್ತದೆ, ಗೆರೆ ಎಳೆದ ಹಾಗೆ ಕತ್ತರಿಸುವುದಿಲ್ಲ. 15.7ರ ಹತ್ತಿರ ತಂತಿಯಂಥ ಒಂದು ಸಣ್ಣ ಅಡ್ಡ ಗೆರೆ ಕಂಡರೂ ಹೆದರಬೇಡಿ. ಸ್ಟುಡಿಯೋದಲ್ಲಿದ್ದ ಹಳೆಯ ಟಿವಿ ಮಾನಿಟರಿನ ಕೀಚಲು ಸದ್ದು ರೆಕಾರ್ಡಿಂಗ್‌ನಲ್ಲಿ ಸೇರಿಕೊಂಡದ್ದು ಅದು. 24 ಬಿಟ್, 96 ಕಿಲೋಹರ್ಟ್ಸ್ (ಸಿಡಿಗಿಂತ ಹೆಚ್ಚು ವಿವರದ ಫೈಲ್) ಅಂತ ಜಾಸ್ತಿ ದುಡ್ಡು ಕೊಟ್ಟು ಕೊಂಡ ಫೈಲಿನಲ್ಲಿ 22ರ ಮೇಲೆ ಪೂರ್ತಿ ಕಪ್ಪು ಇದ್ದರೆ ಮಾತ್ರ ದುಡ್ಡು ವಾಪಸ್ ಕೇಳಿ. ಅದು ಸಿಡಿಯನ್ನೇ ಹಿಗ್ಗಿಸಿದ್ದು.

## ಹಂತ 6: ಹೆಸರು ಹಾಕುವುದು

ಈಗ ಅಲಂಕಾರ. ಕಂಪೈಲೇಶನ್‌ನಲ್ಲಿ ಇದೂ ಸುಲಭ ಅಲ್ಲ. ಹಲವು ತಂಡಗಳಿರುವ 18 ಹಾಡಿನ ಡಿಸ್ಕನ್ನು ಸುಮ್ನೆ ಫೋನಿಗೆ ಹಾಕಿದರೆ ಅದು 18 ಆಲ್ಬಮ್ ಆಗಿ ಚೆಲ್ಲಾಡುತ್ತದೆ. ಆಲ್ಬಮ್ ಆರ್ಟಿಸ್ಟ್ ಅನ್ನುವ ಜಾಗದಲ್ಲಿ ಎಲ್ಲ ಹಾಡಿಗೂ "ವೇರಿಯಸ್ ಆರ್ಟಿಸ್ಟ್ಸ್" ಅಂತ ಒಂದೇ ಥರ ಹಾಕಿ, ಆರ್ಟಿಸ್ಟ್ ಜಾಗದಲ್ಲಿ ಆಯಾ ತಂಡದ ಹೆಸರು. ಒಂದೇ ತಂಡದ ಕಂಪೈಲೇಶನ್ ಆದರೆ ಎರಡೂ ಕಡೆ ತಂಡದ ಹೆಸರೇ. ಎರಡು ಡಿಸ್ಕಿನ ಸೆಟ್ ಆದರೆ ಡಿಸ್ಕ್ ನಂಬರ್ ಮರೆಯಬೇಡಿ. ಮರೆತರೆ ಒಂದನೇ ಹಾಡು ಎರಡು, ಎರಡನೇ ಹಾಡು ಎರಡು ಅಂತ ಜೋಡಿ ಜೋಡಿಯಾಗಿ ಕೇಳಿಸುತ್ತದೆ.

ಇಸವಿಯ ಜಾಗದಲ್ಲಿ ಕಂಪೈಲೇಶನ್ ಬಂದ ವರ್ಷ ಇರಲಿ, ಹಾಡಿನ ಮೂಲ ವರ್ಷ ಬೇರೆ ಜಾಗಕ್ಕೆ. ಫೋಲ್ಡರಿನ ಹೆಸರಿಗೆ ನೋಟ್‌ಬುಕ್‌ನಲ್ಲಿ ಬರೆದ ಕ್ಯಾಟಲಾಗ್ ನಂಬರ್ ಸೇರಿಸಿ. ಗ್ರೇಟೆಸ್ಟ್ ಹಿಟ್ಸ್ ಅನ್ನುವ ಹೆಸರಿನ ಡಿಸ್ಕ್ ನನ್ನ ಹತ್ತಿರವೇ ಒಂಬತ್ತು ಉಂಟು.

ಆನ್‌ಲೈನ್‌ನಿಂದ ತಾನಾಗಿ ಬರುವ ಹೆಸರುಗಳು ಅಮೆರಿಕದ ಮುದ್ರಣದ್ದೋ ಇಂಗ್ಲೆಂಡಿನದ್ದೋ ಇರಬಹುದು. ಹಾಡಿನ ಉದ್ದವನ್ನು ಸೆಕೆಂಡಿನವರೆಗೆ ಹೊಂದಿಸಿ ನೋಡಿ. ಮೋಟರ್‌ಹೆಡ್‌ನ ಎರಡನೇ "ಓ" ಅಕ್ಷರದ ಮೇಲೆ ಎರಡು ಚುಕ್ಕಿ ಉಂಟು. ಒಂದು ಡಿಸ್ಕಿನಲ್ಲಿ ಚುಕ್ಕಿ ಇಟ್ಟು ಇನ್ನೊಂದರಲ್ಲಿ ಬಿಟ್ಟರೆ ಪ್ಲೇಯರಿನಲ್ಲಿ ಎರಡು ತಂಡ ಹುಟ್ಟಿಕೊಳ್ಳುತ್ತವೆ. ಎಸಿ/ಡಿಸಿಯ ನಡುವಿನ ಓರೆ ಗೆರೆಯನ್ನು ಫೈಲಿನ ಹೆಸರಿನಲ್ಲಿ ಹಾಕಲು ಆಗುವುದಿಲ್ಲ. ಕೆಲವು ಪ್ರೋಗ್ರಾಮ್‌ಗಳು ಅದನ್ನು "ಎಸಿ" ಅನ್ನುವ ಫೋಲ್ಡರು, ಅದರೊಳಗೆ "ಡಿಸಿ" ಅನ್ನುವ ಫೋಲ್ಡರು ಅಂತ ಮಾಡಿಡುತ್ತವೆ. ಟ್ಯಾಗಿನಲ್ಲಿ, ಅಂದರೆ ಫೈಲಿನೊಳಗೆ ಬರೆದಿಡುವ ಹೆಸರಿನಲ್ಲಿ, ಓರೆ ಗೆರೆ ಇರಲಿ, ಫೈಲಿನ ಹೆಸರಿನಲ್ಲಿ ಅಡ್ಡ ಗೆರೆ ಹಾಕಿ. (ನಾನು ಒಮ್ಮೆ ಹುಮ್ಮಸ್ಸಿನಲ್ಲಿ ಎಲ್ಲ ತಂಡದ ಹೆಸರನ್ನೂ ಕನ್ನಡದಲ್ಲಿ ಹಾಕಿದೆ. ಕಾರಿನ ಸ್ಟೀರಿಯೋ ಬರೀ ಚೌಕ ಚೌಕ ತೋರಿಸಿತು.)

ಹಳೆಯ ಹಾಡುಗಳ ಸದ್ದು ಸಣ್ಣ, ಹೊಸ ರೀಮಾಸ್ಟರಿನದ್ದು ದೊಡ್ಡ ಅಂತ ಅನಿಸಿದರೆ ರೀಪ್ಲೇಗೇನ್ ಟ್ಯಾಗ್ ಹಾಕಿ. ಅದು ಹಾಡನ್ನು ಮುಟ್ಟದೆ ಪ್ಲೇಯರಿಗೆ ಎಷ್ಟು ವಾಲ್ಯೂಮ್ ಅಂತ ಹೇಳುತ್ತದೆ. ಫೈಲನ್ನೇ ನಾರ್ಮಲೈಸ್ ಮಾಡಿದರೆ ಇಷ್ಟು ಹೊತ್ತು ತಾಳೆ ನೋಡಿದ್ದೆಲ್ಲ ನೀರಿನಲ್ಲಿ ಹೋಮ. ಕಾರಿಗೆ ಎಂಪಿ3 ಬೇಕಾದರೆ ಫ್ಲ್ಯಾಕ್‌ನಿಂದ ಪ್ರತಿ ಮಾಡಿ ಬೇರೆ ಪೆನ್‌ಡ್ರೈವಿಗೆ ಹಾಕಿ. ಆ ಪೆನ್‌ಡ್ರೈವಿನ ಫೈಲ್ ಯಾವತ್ತೂ ಕಂಪ್ಯೂಟರಿಗೆ ವಾಪಸ್ ಬರಬಾರದು.

## ಹಂತ 7: ಮಳೆಗಾಲ ದಾಟಿಸುವುದು

ತುಂಬಿದ ಒಂದು ಸಿಡಿ ಫ್ಲ್ಯಾಕ್ ಆದ ಮೇಲೆ ಸುಮಾರು 500 ಎಂಬಿ ಹಿಡಿಯುತ್ತದೆ. ನೂರು ಡಿಸ್ಕಿಗೆ 50 ಜಿಬಿ. ಜಾಗ ದೊಡ್ಡ ವಿಷಯವೇ ಅಲ್ಲ, ಆದ್ದರಿಂದ ಮೂರು ಪ್ರತಿ ಇಡಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ನನ್ನ ಮೂರನೇ ಪ್ರತಿ ಮೈಸೂರಿನ ಚಿಕ್ಕಮ್ಮನ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಇದೆ. ಅಲ್ಲಿಯ ಹವೆ ಒಣ, ಚಿಕ್ಕಮ್ಮನಿಗೆ ಹಾರ್ಡ್ ರಾಕ್ ಆಗುವುದಿಲ್ಲ, ಯಾರೂ ಮುಟ್ಟುವುದಿಲ್ಲ.

ಲಾಗ್, ಕ್ಯೂ ಶೀಟ್ ಎರಡೂ ಹಾಡಿನ ಫೋಲ್ಡರಿನಲ್ಲೇ ಇರಲಿ. ಹೊರಗಿನ ಹಾರ್ಡ್ ಡಿಸ್ಕನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ, ಮಳೆಗಾಲದಲ್ಲೂ ತಿಂಗಳಿಗೊಮ್ಮೆ ತೆಗೆದು ಓಡಿಸಿ. ಗುಡುಗು ಶುರುವಾದರೆ ಮೊದಲು ಕಿತ್ತಿಡಬೇಕಾದದ್ದು ಅದರ ವೈರು. ಸಿಡಿಗಳನ್ನು ಗೋಡೆಗೆ ತಾಗಿದ ಷೋಕೇಸಿನಿಂದ ತೆಗೆಯಿರಿ. ಪುಸ್ತಿಕೆಯನ್ನು ಡಿಸ್ಕಿನಿಂದ ಬೇರೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ.

ಫ್ಲ್ಯಾಕ್ ಫೈಲಿನೊಳಗೆ ಅದರ ಸದ್ದಿನದ್ದೇ ಒಂದು ಎಂಡಿ5 ಗುರುತು ಅಡಗಿರುತ್ತದೆ. ಫೈಲ್ ಹಾಳಾದರೆ ಆ ಗುರುತು ಹೊಂದುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲ ಫೈಲುಗಳಿಗೂ ಈ ಪರೀಕ್ಷೆ ಓಡಿಸಿ. ಫೂಬಾರ್2000 ಪ್ಲೇಯರಿನಲ್ಲಿ ಇದಕ್ಕೆ ವೆರಿಫೈ ಇಂಟೆಗ್ರಿಟಿ ಅಂತ ಆಯ್ಕೆ ಸಿಗುತ್ತದೆ. ನಾನು ದೀಪಾವಳಿಗೆ ಮನೆ ಗುಡಿಸುವ ವಾರ ಇಟ್ಟುಕೊಂಡಿದ್ದೇನೆ. ಕಳೆದ ಸಲ ಎರಡು ಫೈಲ್ ಹಾಳಾಗಿದ್ದವು, ಎರಡೂ ಮಂಗಳೂರಿನ ಹಾರ್ಡ್ ಡಿಸ್ಕಿನದ್ದು. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಮಗನ ಕೈಯಲ್ಲಿ ಕಂಪ್ಯೂಟರಿಗೆ ಹಾಕಿಸಿ ಆ ಎರಡು ಫೈಲ್ ಕಳಿಸಿದರು. "ಇದರಲ್ಲಿ ಕಿರುಚುವುದೇ ಉಂಟಲ್ಲ ಮಾರಾಯಾ, ಹಾಳಾಗಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದರು.